ಎಂತ ಬೇಕೆಂದೇ ಗೊತ್ತಿಲ್ಲದಾಗ ತಜ್ಞರನ್ನು ಒಟ್ಟಾಗಿ ಗೊತ್ತುಮಾಡುವುದು ಹೇಗೆ?

ಕಳೆದ ವರ್ಷ ಆಟಿ ತಿಂಗಳ ಒಂದು ರಾತ್ರಿ ನಮ್ಮ ವಾಟ್ಸಾಪ್ ಗುಂಪಿಗೆ ಮೂರು ಪಿಡಿಎಫ್ ಬಂದು ಬಿದ್ದವು. ಮೂರೂ ಕೊಟೇಶನ್. ಒಂದರಲ್ಲಿ 62,000 ರೂಪಾಯಿ, ಇನ್ನೊಂದರಲ್ಲಿ 4,85,000, ಮೂರನೆಯದರಲ್ಲಿ 11 ಲಕ್ಷ ಚಿಲ್ಲರೆ. ಮೂವರಿಗೂ ನಾವು ಫೋನಲ್ಲಿ ಕೇಳಿದ್ದು ಒಂದೇ ಮಾತು: "ನಮ್ಮ ತರಕಾರಿ ಮಂಗಳೂರು ಮುಟ್ಟುವಷ್ಟರಲ್ಲಿ ಹಾಳಾಗ್ತದೆ, ಎಂತ ಮಾಡಬಹುದು?"

ಗುಂಪಲ್ಲಿ ಚರ್ಚೆ ಶುರುವಾಯ್ತು. "62 ಸಾವಿರದ್ದೇ ಮಾಡುವ" ಅಂತ ಇಬ್ಬರು. "11 ಲಕ್ಷಕ್ಕೆ ಸಬ್ಸಿಡಿ ಉಂಟಲ್ಲ, ಅದೇ ಲಾಭ" ಅಂತ ಮೂವರು. ಅಷ್ಟರಲ್ಲಿ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಸೊಪ್ಪು ಬೆಳೆಯುವ ಅಕ್ಕ ಒಬ್ಬರು ವಾಯ್ಸ್ ಮೆಸೇಜ್ ಹಾಕಿದ್ರು: "ಅಲ್ಲ ಮಾರಾಯ್ರೆ, ಮೂರು ಜನ ಮೂರು ಬೇರೆ ಬೇರೆ ವಸ್ತುವಿಗೆ ದರ ಕೊಟ್ಟಿದ್ದಾರೆ. ಹೋಲಿಸುವುದು ಹೇಗೆ? ನಮಗೆ ಯಾವುದು ಬೇಕೆಂದು ನಮಗಾದ್ರೂ ಗೊತ್ತುಂಟಾ?"

ಗೊತ್ತಿರಲಿಲ್ಲ. ಈ ವಾರ ಬರೆಯುತ್ತಿರುವುದು ಆ ವಿಷಯವೇ. ಗೊಬ್ಬರ, ಪೈಪು, ಕ್ರೇಟ್ ಒಟ್ಟಾಗಿ ಖರೀದಿಸುವುದು ನಮ್ಮ ಜಿಲ್ಲೆಯ ಕೃಷಿಕರಿಗೆ ಹೊಸತಲ್ಲ. ಆದರೆ ಒಬ್ಬ ಎಂಜಿನಿಯರ್, ಒಬ್ಬ ಲೆಕ್ಕಪರಿಶೋಧಕ, ಒಬ್ಬ ಸರ್ಟಿಫಿಕೇಶನ್ ಸಲಹೆಗಾರ, ಒಬ್ಬ ಆ್ಯಪ್ ಮಾಡುವ ಹುಡುಗ – ಇಂಥವರ ಸೇವೆಯನ್ನು ಒಟ್ಟಾಗಿ ಕೊಳ್ಳಲು ಹೊರಟಾಗ ನಾವು ಬಹಳ ಕಡೆ ಎಡವುತ್ತೇವೆ.

ಮೊದಲು ನಮ್ಮ ಪರಿಸ್ಥಿತಿ ಹೇಳ್ತೇನೆ. ಬಂಟ್ವಾಳ, ಮೂಡುಬಿದಿರೆ, ಕಿನ್ನಿಗೋಳಿ ಆಸುಪಾಸಿನ ಒಂಬತ್ತು ಮನೆಯವರು ನಾವು. ಎಲ್ಲರೂ ಸಾವಯವ. ಒಂದು ಟೆಂಪೋದಲ್ಲಿ ವಾರಕ್ಕೆ ಮೂರು ದಿನ ಮಂಗಳೂರಿಗೆ ತರಕಾರಿ ಕಳಿಸ್ತೇವೆ – ಎರಡು ಅಂಗಡಿ, ಒಂದು ಅಪಾರ್ಟ್‌ಮೆಂಟ್, ಉಳಿದದ್ದು ಬಿಡಿ ಗಿರಾಕಿಗಳಿಗೆ. ಪಂಜೆ ಮಂಗೇಶ ರಾವ್ ರಸ್ತೆಯ ಭಾನುವಾರದ ಸಾವಯವ ಸಂತೆಗೆ ಹೋದವರಿಗೆ ಗೊತ್ತಿರ್ತದೆ, ನಗರದಲ್ಲಿ ವಿಷವಿಲ್ಲದ ತರಕಾರಿಗೆ ಗಿರಾಕಿ ಉಂಟು. ಅಷ್ಟಮಿ, ಮೊಂತಿ ಫೆಸ್ತ್, ಚೌತಿ ಹತ್ತಿರ ಬಂದಾಗ ಹರಿವೆ ದಂಟು, ಬೆಂಡೆ, ಹೀರೆ, ಮುಳ್ಳುಸೌತೆಗೆ ಎಷ್ಟಿದ್ದರೂ ಸಾಲದು. ಸಮಸ್ಯೆ ಇದ್ದದ್ದು ಮಾಲು ಅಲ್ಲಿಗೆ ಮುಟ್ಟುವ ಸ್ಥಿತಿಯಲ್ಲಿ. ಹರಿವೆ ಬಾಡಿ, ಕೆಲವು ಕಟ್ಟು ಒಳಗಿಂದ ಕೊಳೆತು, ಅಂಗಡಿಯವರು ವಾಪಸ್ ಕಳಿಸ್ತಿದ್ರು.

ಈಗ ಆ ಮೂರು ಕೊಟೇಶನ್ ನೋಡುವ.

62,000ದ್ದು ಇಟ್ಟಿಗೆಯ ತಂಪು ಕೋಣೆಗಳು, ನಾಲ್ಕು ಮನೆಗೆ ಒಂದರಂತೆ. ಎರಡು ಸಾಲು ಇಟ್ಟಿಗೆ, ನಡುವೆ ಮರಳು, ಮರಳಿಗೆ ನೀರು. ಕರೆಂಟು ಬೇಡ. ದೆಹಲಿಯ ಪೂಸಾ ಸಂಸ್ಥೆಯ ಹಳೆಯ ಒಳ್ಳೆಯ ವಿಧಾನ. ಕಾಲೇಜಿನಲ್ಲಿ ನಾನೂ ಓದಿ ಪರೀಕ್ಷೆಯಲ್ಲಿ ಚಿತ್ರ ಬಿಡಿಸಿದ್ದೇನೆ. ಆದರೆ ಅದು ಕೆಲಸ ಮಾಡುವುದು ನೀರು ಆವಿಯಾದಾಗ. ಬಯಲುಸೀಮೆಯ ಬೇಸಿಗೆಯಲ್ಲಿ, 38 ಡಿಗ್ರಿ ಸೆಖೆ, ಗಾಳಿಯಲ್ಲಿ 20% ತೇವಾಂಶ ಇದ್ದರೆ ಒಳಗೆ ಹತ್ತು ಡಿಗ್ರಿಗೂ ಮಿಕ್ಕಿ ತಂಪಾದೀತು. ನಮ್ಮಲ್ಲಿ ಜುಲೈಯಲ್ಲಿ 28 ಡಿಗ್ರಿ, ತೇವಾಂಶ 90%. ನೀರು ಆವಿಯಾಗುವುದು ಎಲ್ಲಿಗೆ? ಹೆಚ್ಚೆಂದರೆ ಒಂದೆರಡು ಡಿಗ್ರಿ ಇಳಿಯಬಹುದು. ಕೊಟೇಶನ್ ಕೊಟ್ಟವರು ಘಟ್ಟದ ಮೇಲಿನವರು. ಅವರ ಊರಲ್ಲಿ ಅದು ಸರಿಯೇ. ಅವರು ಸುಳ್ಳು ಹೇಳಿದ್ದಲ್ಲ, ನಾವು ನಮ್ಮ ಹವೆ ಹೇಳಿರಲಿಲ್ಲ, ಅಷ್ಟೇ.

4,85,000ದ್ದು ಹತ್ತಡಿ ಚೌಕದ ಕೋಲ್ಡ್ ರೂಮ್. ತೊಂದರೆ ಏನೆಂದರೆ ಹರಿವೆಯಂಥ ಸೊಪ್ಪಿಗೆ ಸೊನ್ನೆಯ ಹತ್ತಿರದ ತಂಪು ಒಳ್ಳೆಯದು. ಮುಳ್ಳುಸೌತೆಗೆ 10 ಡಿಗ್ರಿಗಿಂತ ಕೆಳಗೆ ಹೋದರೆ ಚಳಿಯ ಪೆಟ್ಟು, ಬೆಂಡೆಗೆ 7ರ ಕೆಳಗೆ. ಹೊರಗೆ ತಂದ ಮೇಲೆ ನೀರುನೀರಾಗಿ ಗುಳಿ ಬೀಳ್ತದೆ. ಒಂದೇ ಕೋಣೆಯಲ್ಲಿ ಎಲ್ಲವನ್ನೂ ಇಡಲಿಕ್ಕಾಗುವುದಿಲ್ಲ. ಮೇಲಿಂದ ಮಳೆಗಾಲದ ಕರೆಂಟು – ಮರ ಬಿದ್ದರೆ ಒಂದು ದಿನ ಇಲ್ಲ. ಜನರೇಟರ್ ಆ ಕೊಟೇಶನ್‌ನಲ್ಲಿ ಇರಲಿಲ್ಲ.

ಮೂರನೆಯದು, ಸೊಪ್ಪು ಮತ್ತು ತರಕಾರಿ ಒಣಗಿಸಿ ಪೌಡರ್ ಮಾಡುವ ಘಟಕ. ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ 35% ಸಹಾಯಧನ ಸಿಗ್ತದೆ ಅಂತ ಮೊದಲ ಪುಟದಲ್ಲೇ ದೊಡ್ಡಕ್ಷರದಲ್ಲಿ. ಯೋಜನೆ ನಿಜ, ಸಹಾಯಧನವೂ ನಿಜ. ಆದರೆ ನಮಗೆ ಮಾದರಿಗೆಂದು ಕಳಿಸಿದ ಪ್ರಾಜೆಕ್ಟ್ ರಿಪೋರ್ಟಿನ ಏಳನೇ ಪುಟದಲ್ಲಿ "ಈ ಪ್ರದೇಶವು ಉತ್ಕೃಷ್ಟ ಒಣದ್ರಾಕ್ಷಿಗೆ ಹೆಸರುವಾಸಿಯಾಗಿದೆ" ಅಂತಿತ್ತು. ಬಂಟ್ವಾಳದಲ್ಲಿ ಒಣದ್ರಾಕ್ಷಿ! ಬೇರೆ ಜಿಲ್ಲೆಯ ರಿಪೋರ್ಟಿಗೆ ಹೆಸರು ಬದಲಿಸಿ ಕಳಿಸಿದ್ದು. ನಮಗೆ ಪೌಡರ್ ಮಾರುವ ಯೋಚನೆಯೇ ಇರಲಿಲ್ಲ. ಹಸಿ ಹರಿವೆಗೆ ಗಿರಾಕಿ ಇರುವಾಗ ಅದನ್ನು ಒಣಗಿಸುವುದು ಯಾಕೆ?

ಮೂವರದ್ದೂ ಉತ್ತರವೇ. ಪ್ರಶ್ನೆಯೇ ಸರಿ ಇರಲಿಲ್ಲ.

ಪರಿಹಾರ ಕೇಳಬೇಡಿ, ಸಮಸ್ಯೆ ಬರೆಯಿರಿ

ಪೈಪು ಖರೀದಿಸುವಾಗ ಎರಡು ಇಂಚು, ಇಷ್ಟು ಮೀಟರ್, ಐಎಸ್‌ಐ ಮಾರ್ಕು ಅಂದರೆ ಮುಗೀತು. ಐದು ಅಂಗಡಿಯ ದರ ಹೋಲಿಸಬಹುದು. ತಜ್ಞರ ಸೇವೆ ಹಾಗಲ್ಲ. ನಿಮಗೆ ಎಂತ ಬೇಕೆಂದು ಕಂಡುಹಿಡಿಯುವುದೇ ಆ ಸೇವೆಯ ಅರ್ಧ ಭಾಗ. ಡಾಕ್ಟರ ಹತ್ತಿರ ಹೋಗಿ "ಆಪರೇಶನ್‌ಗೆ ಎಷ್ಟಾಗ್ತದೆ" ಅಂತ ಮೊದಲೇ ಕೇಳಿದರೆ ದರ ಹೇಳುವವರೂ ಸಿಗ್ತಾರೆ, ಅದು ಬೇರೆ ಮಾತು.

ಹಾಗಾಗಿ ಕೊಟೇಶನ್‌ಗಳನ್ನು ಬದಿಗಿಟ್ಟು ನಾವು ಮೂರು ವಾರ ಬರೀ ಲೆಕ್ಕ ಇಟ್ಟೆವು. ಗೂಗಲ್ ಶೀಟ್ ಒಂದು, ಎಲ್ಲರ ಮೊಬೈಲಿನಲ್ಲಿ. ಕೊಯ್ದದ್ದು ಎಷ್ಟು ಗಂಟೆಗೆ, ಯಾವುದರಲ್ಲಿ ತುಂಬಿದ್ದು, ಟೆಂಪೋ ಹತ್ತಿದ್ದು ಯಾವಾಗ, ಅಂಗಡಿಗೆ ಮುಟ್ಟಿದ್ದು ಯಾವಾಗ, ವಾಪಸ್ ಬಂದದ್ದು ಎಷ್ಟು, ಯಾಕೆ. ಬರೆಯಲು ಉದಾಸೀನ ಆದವರು ಫೋಟೋ ಹಾಕಿದರೂ ಸಾಕು ಅಂತ ಮಾಡಿದೆವು; ಫೋಟೋದಲ್ಲಿ ಸಮಯ ಹೇಗೂ ಬರ್ತದೆ.

ಮೂರು ವಾರ ಆಗುವಾಗ ಗೊತ್ತಾದದ್ದು ನಮಗೇ ಆಶ್ಚರ್ಯ. ಒಂಬತ್ತು ಮನೆಗೂ ಒಂದೇ ಸಮಸ್ಯೆ ಅಂತ ನಾವು ತಿಳಿದಿದ್ದೆವು. ಇಲ್ಲ. ಸೊಪ್ಪು ಬೆಳೆಯುವ ನಾಲ್ಕು ಮನೆಯದ್ದು ಹಾಳಾಗುವ ಸಮಸ್ಯೆ. ಮೂರು ಮನೆಗೆ ಹಾಳಾಗುವುದು ತೀರಾ ಕಡಿಮೆ. ಅವರದ್ದು ಅಲಸಂಡೆ, ತೊಂಡೆ, ಮಂಗಳೂರು ಸೌತೆ. ಇನ್ನಿಬ್ಬರದ್ದು ನಿಜವಾಗಿ ದರದ ತಕರಾರು – ಒಂದೇ ದಿನ ಎಲ್ಲರೂ ಬೆಂಡೆ ಕಳಿಸಿದರೆ ಅಂಗಡಿಯವರು ದರ ಇಳಿಸ್ತಾರೆ. ಅದಕ್ಕೆ ಯಾವ ಕೋಲ್ಡ್ ರೂಮೂ ಮದ್ದಲ್ಲ, ಯಾವ ದಿನ ಯಾರು ಎಷ್ಟು ಕಳಿಸುವುದು ಅಂತ ಕೂತು ಮಾತಾಡಿದರೆ ಆಗ್ತದೆ.

ಈ ಭಿನ್ನತೆ ಗೊತ್ತಾಗದೆ ಒಟ್ಟಾಗಿ ದುಡ್ಡು ಹಾಕಿದ್ದರೆ, ಆರು ತಿಂಗಳಲ್ಲಿ ಐದು ಮನೆಯವರು "ನಮಗೆಂತ ಪ್ರಯೋಜನ?" ಅಂತ ಕೇಳ್ತಿದ್ರು. ಗುಂಪು ಅಲ್ಲಿಗೆ ಮುಗೀತಿತ್ತು.

ಪುಕ್ಕಟೆ ಸಲಹೆಯ ಹಿಂದೆ ಯಾರಿದ್ದಾರೆ?

ದುಡ್ಡು ಕೊಡುವ ಮೊದಲು ಪುಕ್ಕಟೆ ಸಿಗುವುದನ್ನು ಬಳಸಿ. ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಉಂಟು, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ, ತಾಲೂಕಿಗೆ ತೋಟಗಾರಿಕೆ ಇಲಾಖೆ. ಅಡಿಕೆ, ತೆಂಗು, ಕೋಕೋ ಆದರೆ ಕಾಸರಗೋಡಿನ ಸಿಪಿಸಿಆರ್‌ಐ, ಅದರ ವಿಟ್ಲದ ಕೇಂದ್ರ. ಬೆಳೆಯ ವಿಷಯ ಆದರೆ ಖಾಸಗಿ ಸಲಹೆಗಾರರ ಹತ್ತಿರ ಹೋಗುವ ಮೊದಲು ಇಲ್ಲಿ ಹೋಗದಿದ್ದರೆ ಅದು ನಮ್ಮದೇ ತಪ್ಪು. ಮೂರು ವಾರದ ಲೆಕ್ಕ ಕೈಯಲ್ಲಿ ಹಿಡಿದು ಹೋಗಿ. "ಸರ್, ತರಕಾರಿ ಹಾಳಾಗ್ತದೆ" ಅನ್ನುವವನಿಗೂ "ಸರ್, ಸಂಜೆ ನಾಲ್ಕಕ್ಕೆ ಕೊಯ್ದ ಹರಿವೆ ಮಾತ್ರ ಹಾಳಾಗ್ತದೆ" ಅನ್ನುವವನಿಗೂ ಸಿಗುವ ಉತ್ತರ ಬೇರೆ.

ಇನ್ನೊಂದು ಬಗೆಯ ಪುಕ್ಕಟೆ ಉಂಟು. ಮಿಷಿನ್ ಮಾರುವವರು ಬಂದು ತೋಟ ನೋಡಿ, ಅಳತೆ ತೆಗೆದು, ಡಿಸೈನ್ ಮಾಡಿಕೊಡ್ತಾರೆ. ಅವರು ಕೆಟ್ಟವರಲ್ಲ. ಆದರೆ "ನಿಮಗೆ ಮಿಷಿನ್ ಬೇಡ" ಅಂತ ಅವರು ಹೇಳುವುದು ಹೇಗೆ?

ಸರ್ಕಾರಿ ಯೋಜನೆಯಲ್ಲೂ ಇದನ್ನು ಗಮನಿಸಿ. ಪಿಎಂಎಫ್‌ಎಂಇಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿರ್ತಾರೆ. ಪ್ರಾಜೆಕ್ಟ್ ರಿಪೋರ್ಟ್, ಬ್ಯಾಂಕಿನ ಓಡಾಟ, ಲೈಸೆನ್ಸಿಗೆಲ್ಲ ಸಹಾಯ ಮಾಡ್ತಾರೆ. ಅವರಿಗೆ ಸಂಭಾವನೆ ಸಿಗುವುದು ಬ್ಯಾಂಕ್ ಸಾಲ ಮಂಜೂರಾದ ಲೆಕ್ಕದಲ್ಲಿ. ಸಾಲ ಬೇಕೆಂದು ಖಚಿತ ಇದ್ದವರಿಗೆ ಬಹಳ ಉಪಕಾರ. ಆದರೆ ಸಾಲ ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು ಅವರಲ್ಲಿ ಕೇಳುವುದು ನ್ಯಾಯ ಅಲ್ಲ. ಆ ಪ್ರಶ್ನೆಗೆ ಬೇರೆಯೇ ಒಬ್ಬರು ಬೇಕು, ಯಾವ ಉತ್ತರ ಕೊಟ್ಟರೂ ಅಷ್ಟೇ ದುಡ್ಡು ಸಿಗುವ ಒಬ್ಬರು.

ಸಣ್ಣ ತುಂಡು ಮೊದಲು

ನಾವು ಕೊನೆಗೆ ಮಾಡಿದ್ದು ಇಷ್ಟು. ಇಡೀ ಕೆಲಸಕ್ಕೆ ದರ ಕೇಳುವುದು ಬಿಟ್ಟು, ಪತ್ತೆ ಮಾಡುವ ಕೆಲಸವನ್ನು ಮಾತ್ರ ಬೇರೆಯಾಗಿ ಖರೀದಿಸಿದೆವು. ಅದು ಮೊದಲ ಹಂತ. ದರ ನಿಶ್ಚಿತ, ಕೆಲಸ ನಿಶ್ಚಿತ, ಮುಗಿದ ಮೇಲೆ ಇಬ್ಬರಿಗೂ ಬಿಟ್ಟುಹೋಗುವ ಸ್ವಾತಂತ್ರ್ಯ. ಎರಡನೇ ಹಂತ ಬೇಕೋ, ಬೇಕಾದರೆ ಎಂತದ್ದು, ಯಾರಿಂದ – ಅದೆಲ್ಲ ವರದಿ ಕೈಗೆ ಬಂದ ಮೇಲೆ.

ಇದು ನಮ್ಮ ದೊಡ್ಡ ತಲೆಯಿಂದ ಬಂದ ಉಪಾಯ ಅಲ್ಲ. ಈ ಊರಿನ ದೊಡ್ಡ ಸಂಸ್ಥೆಯ ಕತೆಯಲ್ಲೂ ಹೀಗೊಂದು ಕ್ರಮ ಕಾಣ್ತದೆ. ಅಡಿಕೆ ದರ ಕುಸಿದು ಬೆಳೆಗಾರರು ಕಂಗಾಲಾದ ಕಾಲದಲ್ಲಿ, 1973ರ ಜುಲೈ 11ರಂದು, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. 1970ರ ದಶಕದ ಕೊನೆಯಲ್ಲಿ ಕೋಕೋಗೆ ಕೊಳ್ಳುವವರೇ ಇಲ್ಲದಂತಾದಾಗ ಕ್ಯಾಂಪ್ಕೋ ಮೊದಲು ಮಾಡಿದ್ದು ಕೋಕೋ ಖರೀದಿ. ಪುತ್ತೂರಿನ ಚಾಕಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ನಡುವೆ ಹಲವು ವರ್ಷ. ಆಗಿನವರು ಎಂತ ಯೋಚಿಸಿದ್ದರೋ ನಾನು ಹೇಳಲಾರೆ, ನಾನು ಓದಿಕೊಳ್ಳುವುದು ಹೀಗೆ: ಬೀಜ ಕೊಂಡು, ಒಣಗಿಸಿ, ಮಾರಿ ನೋಡಿದವರಿಗೆ ಎಂಥ ಕಾರ್ಖಾನೆ ಬೇಕು ಅಂತ ಹೇಳಲು ಆಗ್ತದೆ. ಮೊದಲ ದಿನವೇ ಮಿಷಿನ್ ಆರ್ಡರ್ ಮಾಡುವವರಿಗೆ ಆಗುವುದಿಲ್ಲ.

ಆರಿಸುವಾಗ ದರ ಕೊನೆಗೆ

ಟೆಂಡರ್ ಅಂದ ತಕ್ಷಣ ನಮಗೆ ತಲೆಗೆ ಬರುವುದು "ಕಮ್ಮಿ ದರದವರಿಗೆ ಕೊಡುವುದು". ಸಾಮಾನಿಗೆ ಸರಿ. ತಜ್ಞರ ಸೇವೆಗೆ ಸರ್ಕಾರವೇ ಯಾವಾಗಲೂ ಹಾಗೆ ಮಾಡುವುದಿಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಕೊಟ್ಟು ಸಲಹೆಗಾರರನ್ನು ಆರಿಸುವ ಪದ್ಧತಿ ಉಂಟು. ಗುಣಮಟ್ಟದ ಪಾಲು 80% ವರೆಗೂ ಇರಬಹುದು. ಅಮೆರಿಕದಲ್ಲಿ 1972ರ ಬ್ರೂಕ್ಸ್ ಕಾಯ್ದೆ ಇನ್ನೂ ಮುಂದೆ ಹೋಗ್ತದೆ: ಅಲ್ಲಿನ ಕೇಂದ್ರ ಸರ್ಕಾರ ಆರ್ಕಿಟೆಕ್ಟ್, ಎಂಜಿನಿಯರುಗಳನ್ನು ಮೊದಲು ಅರ್ಹತೆ ನೋಡಿ ಆರಿಸಿ, ಆಮೇಲೆ ದರ ಮಾತಾಡಬೇಕು. ದರ ಹೊಂದದಿದ್ದರೆ ಎರಡನೆಯವರ ಹತ್ತಿರ ಹೋಗಬೇಕು.

ನಮ್ಮ ಒಂಬತ್ತು ಸಾವಿರದ ಕೆಲಸಕ್ಕೆ ಅಷ್ಟೆಲ್ಲ ಬೇಕಾ ಅಂತ ನಗಬೇಡಿ. ನಾವು ಮಾಡಿದ್ದು ಸರಳ. ಇಬ್ಬರು ತಜ್ಞರನ್ನು ಒಬ್ಬೊಬ್ಬರಾಗಿ ವಿಡಿಯೋ ಕಾಲ್‌ಗೆ ಕರೆದೆವು. ಮೂರು ಪ್ರಶ್ನೆ. ಕರಾವಳಿಯ ಮಳೆಗಾಲದಲ್ಲಿ ಕೆಲಸ ಮಾಡಿದ್ದೀರಾ, ಎಲ್ಲಿ? ಯಾರಿಗಾದರೂ "ಇದು ನಿಮಗೆ ಬೇಡ" ಅಂತ ಹೇಳಿದ್ದು ನೆನಪುಂಟಾ? ನಮ್ಮ ಶೀಟ್ ನೋಡಿ ನಿಮಗೆ ಏಳುವ ಮೊದಲ ಸಂಶಯ ಎಂತದ್ದು? ಪ್ರತಿಯೊಬ್ಬರೂ ಹತ್ತರಲ್ಲಿ ಅಂಕ ಹಾಕಿ, ಒಬ್ಬರದ್ದು ಒಬ್ಬರಿಗೆ ತೋರಿಸದೆ ನನಗೆ ಕಳಿಸಬೇಕು. ಅಂಕ ಎಲ್ಲ ಬಂದ ಮೇಲೆ ದರ ತೆರೆದದ್ದು.

ಒಬ್ಬರು ಚೆಂದ ಮಾತಾಡಿದ್ರು, ಸ್ಲೈಡ್ ತೋರಿಸಿದ್ರು. ಇನ್ನೊಬ್ಬರು ಶೈತ್ಯಾಗಾರದ ಕೆಲಸದಲ್ಲಿ ಬಹಳ ವರ್ಷ ಇದ್ದು ನಿವೃತ್ತರಾದವರು. ಮೂರನೇ ಪ್ರಶ್ನೆಗೆ ಅವರು ನಮಗೇ ಪ್ರಶ್ನೆ ಹಾಕಿದ್ರು: "ಟೆಂಪೋ ಬೆಳಿಗ್ಗೆ ಐದೂವರೆಗೆ ಯಾಕೆ ಹೊರಡುವುದು?" ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮೊದಲಿಂದ ಹಾಗೆ, ಅಷ್ಟೇ. ಅಂಕ ಹೆಚ್ಚು ಬಂದದ್ದು ಅವರಿಗೇ, ದರ ಮೊದಲಿನವರಿಗಿಂತ ಎರಡು ಸಾವಿರ ಜಾಸ್ತಿ ಇದ್ದರೂ.

ಪತ್ರದಲ್ಲಿ ಎಂತ ಇರಬೇಕು

ಬಾಯಿಮಾತಲ್ಲಿ ಬಿಡಬೇಡಿ. ವಕೀಲರ ಭಾಷೆಯ ಕರಾರು ಬೇಕೆಂದಿಲ್ಲ, ಒಂದು ಪುಟ ಕನ್ನಡ ಸಾಕು. ನಾವು ಬರೆದದ್ದರ ಮುಖ್ಯ ಭಾಗ ಇಲ್ಲಿ ಹಾಕಿದ್ದೇನೆ. ಬೇಕಾದವರು ಹಾಗೇ ಕಾಪಿ ಮಾಡಿಕೊಳ್ಳಿ:

"ನಾವು ಒಂಬತ್ತು ಮನೆಯ ತರಕಾರಿ ಬೆಳೆಗಾರರು. ಮಂಗಳೂರಿಗೆ ಕಳಿಸುವ ಸೊಪ್ಪು ಮಳೆಗಾಲದಲ್ಲಿ ದಾರಿಯಲ್ಲಿ ಹಾಳಾಗುತ್ತಿದೆ. ಮೂರು ವಾರದ ಲೆಕ್ಕ ಜತೆಗಿದೆ. ಯಾವ ಪರಿಹಾರ ಬೇಕೆಂದು ನಮಗೆ ತಿಳಿದಿಲ್ಲ. ಮೊದಲ ಹಂತದಲ್ಲಿ ನಿಮ್ಮಿಂದ ಬೇಕಾದದ್ದು: ಮೂರು ತೋಟಗಳ ಭೇಟಿ, ಒಂದು ದಿನ ಟೆಂಪೋ ಜತೆ ಪ್ರಯಾಣ, ಆರು ಪುಟ ಮೀರದ ವರದಿ, ವರದಿಯ ಬಗ್ಗೆ ಒಂದು ಗಂಟೆ ಮಾತುಕತೆ. ಪ್ರಯಾಣ ಖರ್ಚೂ ಸೇರಿ 9,000 ರೂಪಾಯಿ. ಮೂರನೇ ಒಂದು ಭಾಗ ಮುಂಗಡ, ಉಳಿದದ್ದು ಮಾತುಕತೆ ಮುಗಿದ ದಿನ. 'ಏನನ್ನೂ ಖರೀದಿಸುವ ಅಗತ್ಯವಿಲ್ಲ' ಎಂಬುದು ನಿಮ್ಮ ಉತ್ತರವಾದರೂ ಪೂರ್ಣ ಹಣ ಕೊಡುತ್ತೇವೆ. ನೀವು ಶಿಫಾರಸು ಮಾಡುವ ಯಂತ್ರ, ಸಾಮಗ್ರಿಯ ಮಾರಾಟಗಾರರಿಂದ ನೀವು ಕಮಿಷನ್ ಪಡೆಯುವುದಿಲ್ಲ. ಎರಡನೇ ಹಂತದ ಕೆಲಸ ನಿಮಗೇ ಕೊಡುತ್ತೇವೆ ಎಂಬ ಮಾತು ಇದರಲ್ಲಿಲ್ಲ. ಅಳತೆ, ನಕ್ಷೆ, ವರದಿ ನಮ್ಮ ಗುಂಪಿಗೆ ಸೇರಿದ್ದು."

"ಏನನ್ನೂ ಖರೀದಿಸುವ ಅಗತ್ಯವಿಲ್ಲ" ಅನ್ನುವ ಸಾಲು ಓದಿ ಅವರು ನಕ್ಕರು. ಇದುವರೆಗೆ ಯಾರೂ ಹಾಗೆ ಬರೆದುಕೊಟ್ಟಿರಲಿಲ್ಲ ಅಂದ್ರು.

ಎರಡು ವಿಷಯ ನಾವು ಬರೆಯಲು ಮರೆತದ್ದು. ಒಂದು ಜಿಎಸ್‌ಟಿ. ನೋಂದಣಿ ಇರುವ ಸಲಹೆಗಾರರಾದರೆ 18% ಮೇಲಿಂದ ಬರ್ತದೆ, ಹೇಳಿದ ದರ ಅದು ಸೇರಿಯೋ ಬಿಟ್ಟೋ ಅಂತ ಮೊದಲೇ ಕೇಳಿ. ನಮ್ಮವರಿಗೆ ನೋಂದಣಿ ಇರಲಿಲ್ಲ, ಬಚಾವಾದೆವು. ಎರಡನೆಯದು ಯಾರು ಮಾತಾಡುವುದು ಅಂತ. ಮೊದಲ ವಾರ ಒಂಬತ್ತು ಮಂದಿಯೂ ಅವರಿಗೆ ಫೋನ್ ಮಾಡಿದ್ದೇವೆ, ಒಬ್ಬರು ತನ್ನ ಬಾವಿಯ ಪಂಪಿನ ಬಗ್ಗೆಯೂ ಕೇಳಿದ್ದಾರೆ! ನಾಲ್ಕನೇ ದಿನ ಅವರೇ ನಯವಾಗಿ ಹೇಳಿದ್ರು, "ನಿಮ್ಮಲ್ಲಿ ಒಬ್ಬರು ಮಾತಾಡಿದರೆ ಒಳ್ಳೆಯದಿತ್ತು." ಆಮೇಲೆ ಸೊಪ್ಪಿನ ಅಕ್ಕನನ್ನೇ ಮಾತಾಡಲು ನೇಮಿಸಿದೆವು. ಪ್ರಶ್ನೆ ಇದ್ದವರು ಗುಂಪಿಗೆ ಹಾಕಬೇಕು, ಅವರು ಒಟ್ಟು ಮಾಡಿ ಕೇಳ್ತಾರೆ. ಒಪ್ಪಿಗೆ ಕೊಡುವ ಅಧಿಕಾರ ಮಾತ್ರ ಅವರೊಬ್ಬರಿಗಲ್ಲ, ಆರು ಮನೆ ಹೂಂ ಅನ್ನಬೇಕು.

ದುಡ್ಡು ಹಂಚುವುದು

ಇದರಲ್ಲಿ ಜಗಳ ಆಗದ ಗುಂಪು ನಾನು ನೋಡಿಲ್ಲ. ನಮ್ಮಲ್ಲೂ ಆಯ್ತು. "ಹಾಳಾಗುವುದು ಸೊಪ್ಪಿನವರದ್ದು, ಅವರೇ ಕೊಡಲಿ" ಅನ್ನುವುದು ಒಂದು ವಾದ. ಕೊನೆಗೆ ಒಪ್ಪಿದ್ದು: ಮೊದಲ ಹಂತಕ್ಕೆ ಎಲ್ಲರೂ ಸಮ, ಮನೆಗೆ ಸಾವಿರ. ಯಾಕೆಂದರೆ ಯಾರಿಗೆ ಲಾಭ ಅಂತ ಇನ್ನೂ ಗೊತ್ತಿಲ್ಲ, ಗೊತ್ತು ಮಾಡಲಿಕ್ಕೇ ಈ ಖರ್ಚು. ಎರಡನೇ ಹಂತದಲ್ಲಿ ಬಳಸುವವರು ಬಳಸಿದಷ್ಟು, ಕ್ರೇಟಿನ ಲೆಕ್ಕದಲ್ಲಿ. ನಡುವೆ ಬಿಟ್ಟುಹೋಗುವವರಿಗೆ ಮೊದಲ ಹಂತದ ಹಣ ವಾಪಸ್ ಇಲ್ಲ, ಮುಂದಿನದಕ್ಕೆ ಜವಾಬ್ದಾರಿಯೂ ಇಲ್ಲ. ಒಬ್ಬರು ಹಾಗೆ ಬಿಟ್ಟರು ಕೂಡ. ಮನಸ್ತಾಪ ಆಗಲಿಲ್ಲ ಅಂತ ಹೇಳಲಾರೆ, ಆದರೆ ಲೆಕ್ಕದ ಜಗಳ ಆಗಲಿಲ್ಲ.

ಕೆಲವು ಸಲಹೆಗಾರರು "ಮೊದಲು ಕಂಪನಿ ಮಾಡಿ, ಎಲ್ಲ ಸುಲಭ ಆಗ್ತದೆ" ಅಂತಾರೆ. ಉತ್ಪಾದಕರ ಕಂಪನಿಗೆ ಕನಿಷ್ಠ ಹತ್ತು ಮಂದಿ ಕೃಷಿಕರು ಬೇಕು. ಮಾಡಿದ ಮೇಲೆ ವ್ಯಾಪಾರ ಆಗಲಿ ಬಿಡಲಿ, ಪ್ರತಿ ವರ್ಷ ಆಡಿಟ್, ಕಂಪನಿ ರಿಜಿಸ್ಟ್ರಾರರಿಗೆ ವರದಿ, ಲೆಕ್ಕಪರಿಶೋಧಕರ ಫೀಸು ತಪ್ಪಿದ್ದಲ್ಲ. ಒಟ್ಟಾಗಿ ಎರಡು ವರ್ಷ ವ್ಯಾಪಾರ ಮಾಡಿ ನೋಡಿದವರು ಮಾಡಲಿ. ಒಂದು ವರದಿ ತರಿಸಲು ಕಂಪನಿ ಬೇಡ. ಒಬ್ಬರ ಹೆಸರಲ್ಲಿ ಬಿಲ್, ಗುಂಪಿನಲ್ಲಿ ಅದರ ಫೋಟೋ, ಉಳಿದವರು ಯುಪಿಐ ಮಾಡಿದರೆ ಆಯ್ತು.

ಸರ್ಟಿಫಿಕೇಶನ್ ಕೂಡ ಇದೇ ಜಾತಿಯ ಖರೀದಿ. ಗುಂಪಾಗಿ ಎನ್‌ಪಿಒಪಿ ಪ್ರಮಾಣಪತ್ರ ಮಾಡಿಸಿಕೊಡ್ತೇವೆ ಅನ್ನುವವರು ಬಹಳ ಜನ ಇದ್ದಾರೆ. ರಫ್ತು ಮಾಡುವವರಿಗೆ ಅದು ಬೇಕೇ ಬೇಕು. ಮಂಗಳೂರಿನ ಗಿರಾಕಿಗೆ ಮಾತ್ರ ಮಾರುವವರು ಮೊದಲು ಪಿಜಿಎಸ್-ಇಂಡಿಯಾ ನೋಡಿ. ಅದರಲ್ಲಿ ಕನಿಷ್ಠ ಐದು ಕೃಷಿಕರ ಸ್ಥಳೀಯ ಗುಂಪು ಇದ್ದು, ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಹೊರಗಿನ ಸಲಹೆಗಾರರಿಗೆ ಕೊಡುವ ದುಡ್ಡು ಉಳಿಯಬಹುದು. ರಫ್ತಿಗೆ ನಡೆಯುವುದಿಲ್ಲ, ಅದು ನೆನಪಿರಲಿ. ಯಾರಿಗೆ ಮಾರುವುದು ಅಂತ ನಿರ್ಧಾರ ಆಗದೆ ಯಾವ ಪ್ರಮಾಣಪತ್ರ ಅಂತ ನಿರ್ಧಾರ ಮಾಡಲಿಕ್ಕಾಗುವುದಿಲ್ಲ.

ಲೈಸೆನ್ಸ್, ಜಿಎಸ್‌ಟಿ, ವೆಬ್‌ಸೈಟ್ – ಯಾವುದನ್ನೇ ಬೇರೆಯವರ ಕೈಯಲ್ಲಿ ಮಾಡಿಸಿದರೂ ನೋಂದಣಿಗೆ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಕೊಡಿ. ಏಜೆಂಟರು ಅವಸರದಲ್ಲಿ ತಮ್ಮದು ಹಾಕಿಬಿಡ್ತಾರೆ. ಹಿಂದೆ ಹಲಸಿನ ಹಪ್ಪಳಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದಾಗ ನನಗೆ ಹಾಗೆ ಆಗಿ, ನವೀಕರಣದ ಸಮಯ ಒಟಿಪಿ ಅವರ ಫೋನಿಗೆ ಹೋಗುವುದು, ಅವರು ಫೋನೇ ತೆಗೆಯುವುದಿಲ್ಲ. ಕೊನೆಗೆ ಹೊಸತೇ ಮಾಡಿಸಬೇಕಾಯ್ತು.

ವರದಿಯಲ್ಲಿ ಬಂದದ್ದು

ಅವರು ಬಂದದ್ದು ಕೈಯಲ್ಲಿ ಒಂದು ಥರ್ಮಾಮೀಟರ್ ಹಿಡಿದು. ಸಂಜೆ ಕೊಯ್ದ ಹರಿವೆಯನ್ನು ಬಿಗಿಯಾಗಿ ಕಟ್ಟಿ, ಗೋಣಿಯಲ್ಲಿ ತುಂಬಿ, ಒಂದರ ಮೇಲೊಂದು ಪೇರಿಸಿ ಇಡುತ್ತಿದ್ದೆವಲ್ಲ – ಬೆಳಿಗ್ಗೆ ಹೊರಗಿನ ಗಾಳಿ 25 ಡಿಗ್ರಿ ಇರುವಾಗ ಗೋಣಿಯ ಒಳಗೆ 34. ಕೊಯ್ದ ಮೇಲೂ ಸೊಪ್ಪು ಉಸಿರಾಡ್ತದೆ, ಆ ಶಾಖ ಹೊರಗೆ ಹೋಗಲು ದಾರಿ ಇಲ್ಲ. ಇದು ನಾನು ಕಾಲೇಜಲ್ಲಿ ಓದಿದ್ದೇ. ಸ್ವಂತ ಗೋಣಿಗೆ ಥರ್ಮಾಮೀಟರ್ ತುರುಕಿ ನೋಡುವ ಬುದ್ಧಿ ಬರಲಿಲ್ಲ, ನೋಡಿ.

ಆರು ಪುಟದ ಸಾರಾಂಶ: ಟೆಂಪೋವನ್ನು ಎಂಟು ಗಂಟೆಗೆ ತಳ್ಳಿ, ಸೊಪ್ಪನ್ನು ಬೆಳಿಗ್ಗೆಯೇ ಕೊಯ್ಯಿರಿ. ಗೋಣಿ ಬಿಟ್ಟು ತೂತಿನ ಪ್ಲಾಸ್ಟಿಕ್ ಕ್ರೇಟ್. ಕಟ್ಟು ಸಡಿಲ. ಮಣ್ಣು ತೊಳೆದರೆ ನೀರು ಇಳಿಯುವವರೆಗೆ ನೆರಳಲ್ಲಿ ಹರಡಿ. ಅಂಗಡಿಯವರಲ್ಲಿ ಮಾತಾಡಿ, ಸೊಪ್ಪು ಒಂಬತ್ತೂವರೆಗೆ ಬಂದರೆ ನಡೀತದಾ ಕೇಳಿ. ಇಷ್ಟನ್ನು ಒಂದು ಮಳೆಗಾಲ ಮಾಡಿ, ಅದೇ ಶೀಟ್‌ನಲ್ಲಿ ಲೆಕ್ಕ ಇಟ್ಟು, ಆಮೇಲೂ ಬೇಕೆನಿಸಿದರೆ ಬೆಂಡೆ-ಸೌತೆಗಾಗಿ ಒಂದು ಸಣ್ಣ ಕೋಣೆಗೆ ಥರ್ಮಾಕೋಲ್ ಹೊದಿಕೆ ಹಾಕಿ, ಸಾಮಾನ್ಯ ಎಸಿಯಲ್ಲೇ ಹದಿನೈದು-ಹದಿನಾರು ಡಿಗ್ರಿ ಇಡುವ ಪ್ರಯೋಗ ಮಾಡಬಹುದು.

ಒಂದು ಅಂಗಡಿಯವರು ಒಂಬತ್ತೂವರೆಗೆ ಒಪ್ಪಿದ್ರು. ಇನ್ನೊಂದು ಅಂಗಡಿಗೆ ಆಗಲಿಲ್ಲ, ಅವರ ಗಿರಾಕಿಗಳು ಏಳಕ್ಕೇ ಬರುವವರು. ಅಲ್ಲಿಗೆ ಈಗ ಸೊಪ್ಪು ಕಳಿಸುವುದಿಲ್ಲ, ಕಾಯಿ ಮಾತ್ರ. ಕ್ರೇಟ್‌ಗಳಿಗೆ ಮನೆಗೆ ಮೂರು ಸಾವಿರದ ಹಾಗೆ ಬಿತ್ತು. ಕಳೆದ ವರ್ಷ ಮೊಂತಿ ಫೆಸ್ತ್‌ನ ಮುನ್ನಾದಿನ, ಸೆಪ್ಟೆಂಬರ್ 7ರಂದು, ಹೋದ ಹರಿವೆಯಲ್ಲಿ ಎರಡೇ ಕಟ್ಟು ವಾಪಸ್ ಬಂದದ್ದು.

ಎಸಿ ಕೋಣೆಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಬೆಂಡೆಯವರು ಬೇಕು ಅಂತಾರೆ, ಕರೆಂಟು ಬಿಲ್ಲು ಕಂಡು ಉಳಿದವರು ಹಿಂದೆಮುಂದೆ ನೋಡ್ತಿದ್ದಾರೆ. ಎರಡನೇ ಹಂತದ ಪತ್ರ ಬರೆದಿಟ್ಟಿದ್ದೇವೆ, ಅದರಲ್ಲಿ ಖರ್ಚಿಗೆ ಮೇಲ್ಮಿತಿ ಹಾಕಿದ್ದೇವೆ: 40,000 ಮೀರುವ ಹಾಗಿದ್ದರೆ ಕೆಲಸ ನಿಲ್ಲಿಸಿ ಮೊದಲು ನಮಗೆ ಹೇಳಬೇಕು. ಈ ಸಲದ ಚೌತಿ ಕಳೆದ ಮೇಲೆ ಶೀಟ್ ತೆರೆದು ಕೂತುಕೊಳ್ಳುವುದು ಅಂತ ಮಾತಾಗಿದೆ.